ಫೌಜಿ ಮುತ್ಯಾಗ ರೊಕ್ಕ ಎಷ್ಟು ಬರ್ತದ?

ರಜೆಗೆ ಬಂದ ಸೈನಿಕ ಬಸ್ಸಿಳಿದು ಹೆಗಲ ಚೀಲ ಕೆಳಗಿಡುವಷ್ಟರಲ್ಲಿ ಕಟ್ಟೆಯ ಮೇಲಿನಿಂದ ಪ್ರಶ್ನೆ ಬರುತ್ತದೆ: “ಏನ್ ಫೌಜಿ, ಯಾವಾಗ ಬಂದಿ? ಪಗಾರ ಎಷ್ಟ್ ಆಗ್ಯಾದ ಈಗ?” ಖಟಕ ಚಿಂಚೋಳಿಯಾಗಲಿ, ಭಾಲ್ಕಿಯಾಗಲಿ, ಔರಾದ ಕಡೆಯ ಹಳ್ಳಿಯಾಗಲಿ, ಈ ಪ್ರಶ್ನೆಯಿಂದ ತಪ್ಪಿಸಿಕೊಂಡ ಸೈನಿಕ ಇರಲಾರ. ಅವನು ನಕ್ಕು ಏನೋ ಒಂದು ಹೇಳಿ ಮನೆಯ ದಾರಿ ಹಿಡಿಯುತ್ತಾನೆ. ಬೆನ್ನ ಹಿಂದೆ ಲೆಕ್ಕ ಶುರುವಾಗುತ್ತದೆ. “ಅವರಿಗೇನ್ ಕಮ್ಮಿ ಅದರಿ? ರೇಷನ್ ಫುಕಟ್, ಬಟ್ಟಿ ಫುಕಟ್, ರೈಲು ಫುಕಟ್. ಮ್ಯಾಲ ಪೆನ್ಶನ್ ಬ್ಯಾರೆ!” ಎನ್ನುತ್ತಾರೆ ಒಬ್ಬರು. “ಪಾಪ, ಹಿಮದಾಗ ನಿಲ್ಲೋರಿಗೆ ಎಷ್ಟ್ ಕೊಟ್ಟರೂ ಕಮ್ಮೇ” ಎನ್ನುತ್ತಾರೆ ಇನ್ನೊಬ್ಬರು. ಇಬ್ಬರಿಗೂ ನಿಜವಾದ ಲೆಕ್ಕ ಗೊತ್ತಿರುವುದಿಲ್ಲ.

ಮಕ್ಕಳೇ, ಆ ಲೆಕ್ಕವನ್ನು ಈ ವಾರ ನಿಮ್ಮ ಮುತ್ಯಾ, ಆಯಿಯ ಪಕ್ಕದಲ್ಲಿ ಕುಳಿತು ಮಾಡೋಣ. ಕಾಗದ, ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ. ಕಷ್ಟದ ಗಣಿತವೇನಲ್ಲ, ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಮೊದಲು ಪಗಾರ. 7ನೆಯ ವೇತನ ಆಯೋಗದ ಪ್ರಕಾರ 2016ರ ಜನವರಿಯಿಂದ ಸಿಪಾಯಿಯ ಮೂಲವೇತನ ತಿಂಗಳಿಗೆ 21,700 ರೂಪಾಯಿಯಿಂದ ಶುರುವಾಗುತ್ತದೆ. ಅದರ ಮೇಲೆ ‘ಸೇನಾ ಸೇವಾ ವೇತನ’ ಎಂದು 5,200 ರೂಪಾಯಿ. ಬೇರೆ ಸರ್ಕಾರಿ ನೌಕರರಿಗೆ ಇದು ಇಲ್ಲ. ಮನೆಮಂದಿಯಿಂದ ದೂರ, ಹೊತ್ತು ಗೊತ್ತಿಲ್ಲದೆ, ಜೀವ ಒತ್ತೆಯಿಟ್ಟು ದುಡಿಯುವುದಕ್ಕೆ ಕೊಡುವ ಹಣ ಅದು. ಇದಲ್ಲದೆ ತುಟ್ಟಿಭತ್ಯೆ ಉಂಟು. ಸಿಯಾಚಿನ್‌ನಂಥ ಜಾಗಕ್ಕೆ ಹೋದರೆ ಅಲ್ಲಿರುವಷ್ಟು ದಿನ ಪ್ರತ್ಯೇಕ ಭತ್ಯೆ ಉಂಟು. ಕೆಟ್ಟ ಪಗಾರವಲ್ಲ. ಮಳೆ ನಂಬಿ ತೊಗರಿ, ಸೋಯಾ ಬಿತ್ತುವ ಮನೆಯಲ್ಲಿ ತಿಂಗಳ ಮೊದಲ ವಾರ ತಪ್ಪದೆ ಬರುವ ರೊಕ್ಕಕ್ಕೆ ಎಷ್ಟು ಬೆಲೆ ಎಂದು ನಿಮ್ಮ ಆಯಿಯನ್ನು ಕೇಳಿ. ಮಗ ಫೌಜಿಗೆ ಸೇರಿದ ಮೇಲೆ ಮಾಳಿಗೆ ಮನೆಗೆ ಸಿಮೆಂಟ್ ಛತ್ತು ಬಂದದ್ದನ್ನು, ತಂಗಿಯ ಮದುವೆ ಸಾಲವಿಲ್ಲದೆ ಆದದ್ದನ್ನು ಕಂಡವರು ಪ್ರತಿ ಊರಲ್ಲೂ ಇದ್ದಾರೆ.

‘ಫುಕಟ್ ರೇಷನ್’ ಮಾತಿಗೆ ಬರೋಣ. ಬೆಟ್ಟದ ತುದಿಯ ಚೌಕಿಯಲ್ಲಿ ಕಿರಾಣಿ ಅಂಗಡಿ ಇರುವುದಿಲ್ಲ. ಅಲ್ಲಿ ನಿಂತವನಿಗೆ ಅನ್ನ ಹಾಕುವುದು ಸರ್ಕಾರದ ಕೆಲಸವೇ ಸರಿ. ಆದರೆ ಅವನ ಹೆಂಡತಿ, ಮಕ್ಕಳು ಬಹಳ ಸಲ ಊರಲ್ಲೇ ಇರುತ್ತಾರೆ. ಅವರ ಒಲೆ ಉರಿಯುವುದು ಅದೇ ಪಗಾರದಲ್ಲಿ. ಕ್ಯಾಂಟೀನಿನ ಕಥೆಯೂ ಹೀಗೆಯೇ. ಅಲ್ಲಿ ತೆರಿಗೆಯ ಭಾರ ಕಡಿಮೆ, ಹಾಗಾಗಿ ಸೋಪು, ಮಿಕ್ಸರು, ಕುಕ್ಕರು ಸ್ವಲ್ಪ ಅಗ್ಗ. ಆದರೆ ಪುಕ್ಕಟೆ ಅಲ್ಲ, ತಿಂಗಳಿಗೆ ಇಷ್ಟೇ ಎಂಬ ಮಿತಿಯೂ ಇದೆ. ಈ ಮಿತಿಗೆ ಸೈನಿಕನ ಮನೆಯವರಿಗಿಂತ ನೆರೆಹೊರೆಯವರೇ ಹೆಚ್ಚು ಬಿಸಿ ಮುಟ್ಟಿಸುತ್ತಾರೆ. “ನಿಮ್ ಕಾರ್ಡ್ ಮ್ಯಾಲ ನಮಗೊಂದ್ ಮಿಕ್ಸರ್ ತರಸ್ರಿ” ಎಂದು ಕೇಳಿದವರೇ, ಮರುದಿನ “ಮಿಲಿಟರಿಯವರಿಗೆ ಎಲ್ಲಾ ಅಗ್ಗ” ಎಂದು ಹೇಳುವುದು ಹೊಸದೇನಲ್ಲ!

ಇನ್ನು ಪಿಂಚಣಿ. ಕಟ್ಟೆಯ ಮೇಲೆ ಹೆಚ್ಚು ಹೊಟ್ಟೆಯುರಿ ಇದರದ್ದೇ. “ನಲವತ್ತು ದಾಟಿಲ್ಲ, ಆಗಲೇ ಪೆನ್ಶನ್ ತಿಂತಾನ” ಎಂಬ ಮಾತು ಕೇಳಿದ್ದೀರಲ್ಲ? ಅವನಿಗೆ ನಲವತ್ತಕ್ಕೇ ಪಿಂಚಣಿ ಬರುವುದು ಅವನನ್ನು ನಲವತ್ತಕ್ಕೇ ಮನೆಗೆ ಕಳಿಸುವುದರಿಂದ. ಸೈನ್ಯಕ್ಕೆ ಓಡುವ ಕಾಲು ಬೇಕು. ಹತ್ತೊಂಬತ್ತಕ್ಕೆ ಸೇರಿದ ಸಿಪಾಯಿ ಹದಿನೇಳು ವರ್ಷ ದುಡಿದರೆ ಅವನಿಗೆ ಎಷ್ಟು ವಯಸ್ಸು? ಮೂವತ್ತಾರು. ನಿಮ್ಮ ಶಾಲೆಯ ಗುರುಗಳಿಗೆ ನಿವೃತ್ತಿ ಅರವತ್ತಕ್ಕೆ. ಗುರುಗಳು ಮೂವತ್ತಾರಕ್ಕೆ ಇನ್ನೂ ಅರ್ಧ ದಾರಿಯಲ್ಲಿರುತ್ತಾರೆ. ಸಿಪಾಯಿ ಟ್ರಂಕು ಹೊತ್ತು ಊರಿಗೆ ಬಂದಿರುತ್ತಾನೆ. ಅವನ ಮಕ್ಕಳು ಆಗ ನಿಮ್ಮ ಹಾಗೆ ನಾಲ್ಕನೆಯದೋ ಐದನೆಯದೋ ತರಗತಿಯಲ್ಲಿ.

ಸಿಪಾಯಿಗಳಿಗೆ ಪಿಂಚಣಿ ಸಿಗಲು ಕನಿಷ್ಠ 15 ವರ್ಷದ ಸೇವೆ ಬೇಕು, ಅಧಿಕಾರಿಗಳಿಗೆ 20. ಪಿಂಚಣಿ ಕೊನೆಯ ವೇತನದ ಅರ್ಧ. ಲೆಕ್ಕಕ್ಕೆಂದು ಕೊನೆಯ ವೇತನ 40,000 ಎಂದು ಹಿಡಿಯಿರಿ. ಅರ್ಧ 20,000, ಮೇಲೆ ತುಟ್ಟಿಭತ್ಯೆ. ಮೂರು ಮಕ್ಕಳ ಓದು, ತಂದೆತಾಯಿಯ ಔಷಧಿ ಇದ್ದರೆ ಸಾಲುವುದಿಲ್ಲ. ಬೀದರಿನಲ್ಲಿ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನೆಟ್ಟಗೆ ನಿಂತ ಕಾವಲುಗಾರನನ್ನು ಒಮ್ಮೆ ಮಾತಾಡಿಸಿ. ಬಹಳ ಸಲ ಅವರು ಮಾಜಿ ಸೈನಿಕರೇ ಆಗಿರುತ್ತಾರೆ. ಅದು ಅವರ ಎರಡನೆಯ ನೌಕರಿ. ಕರ್ನಾಟಕದಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇಕಡಾ 10 ಮೀಸಲಾತಿ ಇದೆ. ಆದರೆ ಪರೀಕ್ಷೆ ಪಾಸಾಗಬೇಕು. ಹದಿನೇಳು ವರ್ಷ ಪುಸ್ತಕ ಮುಟ್ಟದವರು ಇಪ್ಪತ್ತೆರಡರ ಹುಡುಗರ ಜೊತೆ ಕುಳಿತು ಬರೆಯುವುದು ಸುಲಭವೇ?

ಈಗ ಬರುತ್ತದೆ ‘ಗಂಟು’. ಸೈನಿಕ ನಿವೃತ್ತನಾದಾಗ ಒಮ್ಮೆಲೆ ದೊಡ್ಡ ಮೊತ್ತ ಕೈಗೆ ಬರುತ್ತದೆ, ಮತ್ತು ಆ ಸುದ್ದಿ ಅವನಿಗಿಂತ ಮುಂಚೆಯೇ ಊರು ತಲುಪಿರುತ್ತದೆ. ಅಂದಿನಿಂದ ಮರೆತುಹೋದ ಸೋದರಮಾವಂದಿರೆಲ್ಲ ನೆನಪಾಗಿ ಮನೆಗೆ ಬರುತ್ತಾರೆ. ಒಬ್ಬರಿಗೆ ಟ್ರ್ಯಾಕ್ಟರ್, ಒಬ್ಬರಿಗೆ ಬೋರ್‌ವೆಲ್, ಇನ್ನೊಬ್ಬರ ಕೈಯಲ್ಲಿ ಎರಡೇ ವರ್ಷದಲ್ಲಿ ದುಪ್ಪಟ್ಟು ಮಾಡಿಕೊಡುವ ಸ್ಕೀಮಿನ ಕಾಗದ. ಇಲ್ಲವೆಂದರೆ “ಫೌಜಿಗೆ ಸೊಕ್ಕು ಬಂದದ” ಎಂಬ ಹೆಸರು.

ಆ ಗಂಟಿನಲ್ಲಿ ಏನಿದೆ ನೋಡೋಣ. ಒಂದು ಭಾಗ ಅವನೇ ತಿಂಗಳು ತಿಂಗಳು ಉಳಿಸಿದ ಭವಿಷ್ಯ ನಿಧಿ. ಇನ್ನೊಂದು ಭಾಗ ಉಪದಾನ. ದೊಡ್ಡ ಭಾಗ ಬಹಳ ಸಲ ಪಿಂಚಣಿಯನ್ನೇ ಮುಂಗಡ ಮಾರಿಕೊಂಡದ್ದು. ಸೈನಿಕ ತನ್ನ ಪಿಂಚಣಿಯ ಅರ್ಧದವರೆಗೂ ಬಿಟ್ಟುಕೊಟ್ಟು ಬದಲಿಗೆ ಒಮ್ಮೆಲೆ ಹಣ ಪಡೆಯಬಹುದು. ಆ ಮೇಲೆ 15 ವರ್ಷ ಅವನಿಗೆ ಬರುವುದು ಕತ್ತರಿಸಿ ಉಳಿದದ್ದು. ನಮ್ಮ ಲೆಕ್ಕದ 20,000ದಲ್ಲಿ ಅರ್ಧ ಬಿಟ್ಟುಕೊಟ್ಟರೆ ತಿಂಗಳಿಗೆ 10,000 ಮತ್ತು ತುಟ್ಟಿಭತ್ಯೆ. ಹೊಲದ ಮುಂದಿನ ಹದಿನೈದು ಬೆಳೆಗಳ ಒಂದು ಪಾಲನ್ನು ಇಂದೇ ಮಾರಿ ಮನೆ ಕಟ್ಟಿದ ಹಾಗೆ ಇದು. ಅದನ್ನು ಕೈಗಡ ಕೊಟ್ಟು ಕಳೆದುಕೊಂಡರೆ ಅವನು ಕಳೆದುಕೊಂಡದ್ದು ಬಹುಮಾನವನ್ನಲ್ಲ, ಹದಿನೈದು ವರ್ಷದ ಪಿಂಚಣಿಯನ್ನು. ಇಷ್ಟನ್ನು ತಿಳಿದ ಸಂಬಂಧಿಕ ಕೇಳುವ ಮುಂಚೆ ಒಮ್ಮೆ ಯೋಚಿಸಿಯಾನು ಎಂದು ನನ್ನ ಆಸೆ.

ಇದಕ್ಕಿಂತ ಕಠಿಣವಾದ ಲೆಕ್ಕ ಒಂದಿದೆ. ಸೈನಿಕ ಕಾದಾಟದಲ್ಲಿ ಜೀವ ಬಿಟ್ಟರೆ ಅವನ ಹೆಂಡತಿಗೆ ಕೊನೆಯ ವೇತನದಷ್ಟೇ ಕುಟುಂಬ ಪಿಂಚಣಿ ಸಿಗುತ್ತದೆ. ಸರ್ಕಾರಗಳು ಪರಿಹಾರವನ್ನೂ ಘೋಷಿಸುತ್ತವೆ. ಮೆರವಣಿಗೆಯ ದಿನ ಊರೆಲ್ಲ ಅಳುತ್ತದೆ. ಹೂವು ಒಣಗುವ ಮುಂಚೆಯೇ ಆ ಮನೆಯ ರೊಕ್ಕದ ಮಾತು ಬಾಯಿಂದ ಬಾಯಿಗೆ ಹೋಗುತ್ತದೆ. ಆ ತಾಯಿ ಮಕ್ಕಳಿಗೆ ಹೊಸ ಅಂಗಿ ಕೊಡಿಸಿದರೂ ಕಣ್ಣು, ಕೊಡಿಸದಿದ್ದರೂ ಕಣ್ಣು. ಅತ್ತೆಗೊಂದು ಪಾಲು, ಮೈದುನನಿಗೊಂದು ಪಾಲು ಎಂದು ಪಂಚಾಯಿತಿ ಮಾಡುವವರಿಗೂ ಕೊರತೆಯಿಲ್ಲ. ವಯಸ್ಸಾದ ತಂದೆತಾಯಿಯ ಹೊಟ್ಟೆಪಾಡಿನ ಪ್ರಶ್ನೆ ದೊಡ್ಡದೇ. ಅದಕ್ಕೆ ಕಾನೂನು ಇದೆ, ಕಚೇರಿ ಇದೆ. ಕಟ್ಟೆ ಅದರ ಜಾಗವಲ್ಲ.

ನಮ್ಮ ಹಿರಿಯರು ಇದನ್ನು ಹೇಗೆ ನೋಡುತ್ತಿದ್ದರು? ಇಲ್ಲೊಂದು ನಾಯಿಯ ಕಥೆ ಬರುತ್ತದೆ, ಕೇಳಿ. ಹತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣ ಆಳುತ್ತಿದ್ದ. ಅವನ ರಾಜಧಾನಿ ಮಾನ್ಯಖೇಟ, ಅಂದರೆ ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯ ಮಳಖೇಡ. ಸುಮಾರು 949ರಲ್ಲಿ ತಕ್ಕೋಲಂ ಎಂಬಲ್ಲಿ ಚೋಳರೊಡನೆ ದೊಡ್ಡ ಯುದ್ಧವಾಯಿತು. ಕೃಷ್ಣನ ಕಡೆ ಗಂಗರ ಬೂತುಗನೂ, ಬೂತುಗನ ವೀರ ಮಣಲೆರನೂ ಇದ್ದರು. ಮಣಲೆರ ಹೋರಾಡಿದ ಪರಿಗೆ ಮೆಚ್ಚಿ, ಏನು ಬೇಕೋ ಬೇಡು ಎಂದಾಗ ಅವನು ಬೇಡಿದ್ದು ‘ಕಾಳಿ’ ಎಂಬ ಹೆಸರಿನ ಬೇಟೆನಾಯಿಯನ್ನು! ಆ ಕಾಳಿ ಮುಂದೆ ಒಂದು ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಯ ನೆನಪಿಗೆ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಆ ಕಲ್ಲಿನಲ್ಲೇ ಇನ್ನೊಂದು ಸಂಗತಿ ಇದೆ. ಬೂತುಗ ಮಣಲೆರನಿಗೆ ಆತಕೂರು ಹನ್ನೆರಡನ್ನು ‘ಬಾಳ್ಗಚ್ಚು’ ಆಗಿ ಕೊಟ್ಟನಂತೆ. ಬಾಳ್ ಎಂದರೆ ಹಳಗನ್ನಡದಲ್ಲಿ ಕತ್ತಿ, ಕರ್ಚು ಎಂದರೆ ತೊಳೆ. ಗೆದ್ದ ಕತ್ತಿಯನ್ನು ತೊಳೆದು ಕೊಡುವ ಭೂಮಿ ಅದು. ಯುದ್ಧದಲ್ಲಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿಗೆ ‘ನೆತ್ತರುಗೊಡಗೆ’ ಎಂಬ ಹೆಸರು ನಮ್ಮ ಶಾಸನಗಳಲ್ಲಿ ಸಿಗುತ್ತದೆ. ಈ ಎರಡು ಪದಗಳನ್ನು ಬರೆದಿಟ್ಟುಕೊಳ್ಳಿ. ಯಾವ ಕೆಲಸಕ್ಕೆ ಕೊಟ್ಟದ್ದು ಎಂಬುದು ಹೆಸರಿನಲ್ಲೇ ಇದೆ. ಯಾರಿಗೆ, ಎಷ್ಟು, ಏಕೆ ಎಂದು ಊರ ನಡುವೆ ಕಲ್ಲಿನಲ್ಲಿ ಕೊರೆದರೆ ಬೆನ್ನ ಹಿಂದೆ ಪಿಸುಗುಟ್ಟಲು ಏನು ಉಳಿಯುತ್ತದೆ? ಹಾಗೆಂದು ಆ ಕಾಲ ಚಿನ್ನದ ಕಾಲವೇನಲ್ಲ; ಭೂಮಿ ಸಿಕ್ಕಿದ್ದು ಹೆಸರುಳ್ಳ ವೀರರಿಗೆ. ಗುಂಪಿನಲ್ಲಿ ಹೋರಾಡಿ ಮಡಿದ ಸಾವಿರಾರು ಕಾಲಾಳುಗಳ ಮನೆಗೆ ಏನು ಹೋಯಿತು ಎಂಬುದು ಯಾವ ಕಲ್ಲಿನಲ್ಲೂ ಇಲ್ಲ.

ಹತ್ತಿರದ ಕಾಲಕ್ಕೆ ಬರೋಣ. ಬೀದರ ಆಗ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮೊದಲ ಮಹಾಯುದ್ಧದಲ್ಲಿ ಹೈದರಾಬಾದಿನ ಕುದುರೆ ಪಡೆ ಮೈಸೂರು, ಜೋಧಪುರದ ಪಡೆಗಳ ಜೊತೆ ಕಡಲಾಚೆ ಹೋಗಿತ್ತು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ಮೂರ್ತಿಗಳು ಈ ಮೂರು ಪಡೆಗಳವು. ಆ ಯುದ್ಧ ಶುರುವಾದಾಗ ಭಾರತೀಯ ಸೇನೆಯ ಸಿಪಾಯಿಯ ಪಗಾರ ತಿಂಗಳಿಗೆ 11 ರೂಪಾಯಿ. ಎರಡನೆಯ ಮಹಾಯುದ್ಧ ಮುಗಿದಾಗ ಲಕ್ಷಗಟ್ಟಲೆ ಮಂದಿಯನ್ನು ಸೈನ್ಯದಿಂದ ಮನೆಗೆ ಕಳಿಸಿದರು. ಯುದ್ಧಕ್ಕೆಂದೇ ಸೇರಿಸಿಕೊಂಡಿದ್ದವರಿಗೆ ಪಿಂಚಣಿಯ ಮಾತಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೂ ಏಳು ವರ್ಷ, ಹತ್ತು ವರ್ಷ ದುಡಿದು ಪಿಂಚಣಿ ಇಲ್ಲದೆ, ಇದ್ದರೂ ಅಲ್ಪಸ್ವಲ್ಪದಲ್ಲಿ, ಊರಿಗೆ ಮರಳಿದವರಿದ್ದಾರೆ. ಅಪ್ಪ ತೀರಿಕೊಂಡ, ಹೊಲ ನೋಡುವವರಿಲ್ಲ ಎಂದು ನಡುವೆಯೇ ಬಿಟ್ಟು ಬಂದವರೂ ಇದ್ದಾರೆ. ಹದಿನಾಲ್ಕು ವರ್ಷ ದುಡಿದರೂ ಹದಿನೈದು ತುಂಬದಿದ್ದರೆ ಸಾಮಾನ್ಯ ಪಿಂಚಣಿ ಇಲ್ಲ. ಕಟ್ಟೆಯ ಮೇಲೆ ಎಲ್ಲರೂ ಅವರನ್ನು ‘ಫೌಜಿ ಮುತ್ಯಾ’ ಎಂದೇ ಕರೆಯುತ್ತಾರೆ, ‘ಅವರಿಗೇನು, ಸರ್ಕಾರ ಕೊಡ್ತದ’ ಎಂದೇ ನಂಬುತ್ತಾರೆ. ಮರ್ಯಾದೆಗೆ ಅಂಜಿ ಮುತ್ಯಾ ಇಲ್ಲವೆನ್ನುವುದಿಲ್ಲ. ಈ ಲೇಖನ ಬರೆಯಲು ಹೊರಟದ್ದೇ ಅವರಿಗಾಗಿ.

ಪಿಂಚಣಿ ಇದ್ದವರಲ್ಲೂ ತಕರಾರು ಇತ್ತು. ಇಬ್ಬರು ಮುತ್ಯಾಗಳು, ಇಬ್ಬರೂ ಹವಾಲ್ದಾರರು, ಇಬ್ಬರದೂ ಅಷ್ಟೇ ವರ್ಷದ ಸೇವೆ. ಒಬ್ಬರು 1990ರಲ್ಲಿ ನಿವೃತ್ತರಾದರು, ಇನ್ನೊಬ್ಬರು 2010ರಲ್ಲಿ. ನಡುವೆ ವೇತನ ಏರಿದ್ದರಿಂದ ಎರಡನೆಯವರ ಪಿಂಚಣಿ ಹೆಚ್ಚು. ಹೆಚ್ಚು ಮುದುಕರಾದವರಿಗೆ ಕಡಿಮೆ ರೊಕ್ಕ! ‘ಒಂದು ಶ್ರೇಣಿ, ಒಂದು ಪಿಂಚಣಿ’ ಎಂದು ಮಾಜಿ ಸೈನಿಕರು ದಶಕಗಳ ಕಾಲ ಕೇಳಿದ್ದು ಇದನ್ನೇ. 2015ರ ಜೂನ್‌ನಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಎದೆಯ ಮೇಲೆ ಪದಕ ಧರಿಸಿದ ಹಿರಿಯರು ಸರದಿ ಉಪವಾಸ ಕುಳಿತರು. ಸೆಪ್ಟೆಂಬರ್ 5ರಂದು ಸರ್ಕಾರ ಒಪ್ಪಿತು. 2014ರ ಜುಲೈ 1ರಿಂದ ಅನ್ವಯವೆಂದೂ, ಐದು ವರ್ಷಕ್ಕೊಮ್ಮೆ ಪರಿಷ್ಕರಣೆಯೆಂದೂ ಆಯಿತು. ಬಾಕಿಗೆ ಕಾದವರಲ್ಲಿ ಸಣ್ಣವರು, ದೊಡ್ಡವರು ಎಂಬ ಭೇದವೂ ಇರಲಿಲ್ಲ ಬಿಡಿ. 1971ರ ಯುದ್ಧದ ಸೇನಾ ಮುಖ್ಯಸ್ಥ ಸ್ಯಾಮ್ ಮಾಣೆಕ್‌ಶಾ ಫೀಲ್ಡ್ ಮಾರ್ಷಲ್ ಆಗಿದ್ದವರು. ಆ ಪದವಿಗೆ ನಿವೃತ್ತಿಯೇ ಇಲ್ಲ. ಆದರೂ ಅವರಿಗೆ ಬರಬೇಕಿದ್ದ ಒಂದು ಕೋಟಿಗೂ ಮೀರಿದ ಬಾಕಿ ಕೈ ಸೇರಿದ್ದು 2007ರಲ್ಲಿ, ಅವರಿಗೆ 93 ವರ್ಷವಾಗಿದ್ದಾಗ. ಮರುವರ್ಷ ಅವರು ತೀರಿಕೊಂಡರು. ನಮ್ಮ ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು 1964ರಲ್ಲೇ ಮಾಜಿ ಸೈನಿಕರ ಸಂಘವೊಂದನ್ನು ಕಟ್ಟಿದ್ದು ಸುಮ್ಮನೆ ಅಲ್ಲ.

ಇಷ್ಟೆಲ್ಲ ಕೊಡಲು ಹಣ ಎಲ್ಲಿಂದ ಎಂದು ಜಾಣ ಹುಡುಗಿಯೊಬ್ಬಳು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. 2025-26ರ ರಕ್ಷಣಾ ಬಜೆಟ್ ಸುಮಾರು 6.81 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಪಿಂಚಣಿಗೆ ಸುಮಾರು 1.60 ಲಕ್ಷ ಕೋಟಿ. ನೂರು ರೂಪಾಯಿಯಲ್ಲಿ ಸುಮಾರು 24 ರೂಪಾಯಿ. ವಿಮಾನ, ಹಡಗು, ಬಂದೂಕು ಕೊಳ್ಳಲು ಉಳಿಯುವುದು ಅಷ್ಟರಮಟ್ಟಿಗೆ ಕಡಿಮೆ ಎಂಬ ವಾದವಿದೆ. 2022ರ ಜೂನ್ 14ರಂದು ಘೋಷಣೆಯಾದ ಅಗ್ನಿಪಥ ಯೋಜನೆಯ ಸುತ್ತ ನಡೆದ ಚರ್ಚೆಯಲ್ಲಿ ಈ ಮಾತು ಮತ್ತೆ ಮತ್ತೆ ಬಂತು.

ಬೆಳಗಿನ ಜಾವ ಭಾಲ್ಕಿ ರಸ್ತೆಯಲ್ಲಿ ಓಡುವ ಅಣ್ಣಂದಿರಿಗೆ ಈ ಯೋಜನೆಯ ಅಂಕಿಗಳು ಬಾಯಿಪಾಠ. ನಾಲ್ಕು ವರ್ಷದ ಸೇವೆ. ತಿಂಗಳಿಗೆ ಮೊದಲ ವರ್ಷ 30,000, ಎರಡನೆಯ ವರ್ಷ 33,000, ಮೂರನೆಯ ವರ್ಷ 36,500, ನಾಲ್ಕನೆಯ ವರ್ಷ 40,000. ಕೊನೆಗೆ ನೂರಕ್ಕೆ 25 ಮಂದಿಯವರೆಗೆ ಸೈನ್ಯದಲ್ಲಿ ಉಳಿಯುತ್ತಾರೆ, ಮಿಕ್ಕವರು ‘ಸೇವಾ ನಿಧಿ’ ಎಂಬ ಸುಮಾರು 11.71 ಲಕ್ಷ ರೂಪಾಯಿ ಪಡೆದು ಹೊರಬರುತ್ತಾರೆ. ಪಿಂಚಣಿ ಇಲ್ಲ. “ಹನ್ನೊಂದು ಲಕ್ಷ ಫುಕಟ್ ಕೊಡ್ತಾರ” ಎಂಬ ಮಾತು ಕೇಳಿದಿರಾ? ಪೆನ್ಸಿಲ್ ತೆಗೆಯಿರಿ. ಪಗಾರದ ನೂರಕ್ಕೆ 30 ರೂಪಾಯಿ ಪ್ರತಿ ತಿಂಗಳೂ ಈ ನಿಧಿಗೆ ಕಡಿತವಾಗುತ್ತದೆ. ತಿಂಗಳಿಗೆ 9,000, 9,900, 10,950, 12,000. ಒಂದೊಂದನ್ನೂ 12ರಿಂದ ಗುಣಿಸಿ ಕೂಡಿಸಿ. 5,02,200 ಬಂತೇ? ಅಷ್ಟು ಹುಡುಗನದೇ ಹಣ. ಅಷ್ಟನ್ನೇ ಸರ್ಕಾರ ಹಾಕುತ್ತದೆ, ಮೇಲೆ ಬಡ್ಡಿ. ಇಪ್ಪತ್ಮೂರರ ಹುಡುಗನಿಗೆ ಇದು ಒಳ್ಳೆಯ ಆರಂಭ ಎನ್ನುವವರಿದ್ದಾರೆ. “ನಾಕ್ ವರ್ಷ ಆದಮ್ಯಾಲ ಏನ್ ಮಾಡ್ಬೇಕು?” ಎಂದು ನಿದ್ದೆಗೆಡುವ ತಾಯಂದಿರೂ ಇದ್ದಾರೆ. 2022ರ ಕೊನೆ, 2023ರ ಆರಂಭದಲ್ಲಿ ಸೇರಿದ ಮೊದಲ ತಂಡಗಳು ನಾಲ್ಕು ವರ್ಷ ಮುಗಿಸಿ ಹೊರಬಂದಾಗ ಅವರಿಗೆ ಸಿಗುವ ಕೆಲಸ ಈ ಪ್ರಶ್ನೆಗೆ ಉತ್ತರ ಹೇಳಬೇಕು. ನನಗಂತೂ ತಾಯಂದಿರ ಪ್ರಶ್ನೆ ದೊಡ್ಡದಾಗಿ ಕಾಣುತ್ತದೆ.

ಬೀದರಿನ ಮಕ್ಕಳಿಗೆ ಸೈನ್ಯವೆಂದರೆ ಮೊದಲು ಆಕಾಶ. ವಾಯುಪಡೆಯ ನಿಲ್ದಾಣದಿಂದ ಹಾಕ್ ವಿಮಾನಗಳು ಗುಡುಗುತ್ತ ಏರುತ್ತವೆ, ಸೂರ್ಯಕಿರಣ ತಂಡದವರು ಬಣ್ಣದ ಹೊಗೆ ಬಿಡುತ್ತಾರೆ, ಶಾಲೆಯ ಮೈದಾನದಲ್ಲಿ ಎಲ್ಲರೂ ಕತ್ತೆತ್ತಿ ಕೈ ಬೀಸುತ್ತೀರಿ. ಬೀಸಿ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ಆ ಆಕಾಶದಿಂದ ಸ್ವಲ್ಪ ಕೆಳಗೆ, ನಿಮ್ಮ ತರಗತಿಯ ಬಾಗಿಲಿಗೇ ಒಂದು ಡಬ್ಬಿ ಬರುತ್ತದೆ, ಅದನ್ನೂ ನೋಡಿ.

ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದುಬಂದಿದೆ. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಪುಟ್ಟ ಧ್ವಜವನ್ನು ಅಂಗಿಗೆ ಚುಚ್ಚುತ್ತಾರೆ, ನೀವು ಡಬ್ಬಿಗೆ ನಾಣ್ಯ ಹಾಕುತ್ತೀರಿ. ಕೆಂಪು ಭೂಸೇನೆ, ಕಡುನೀಲಿ ನೌಕಾಪಡೆ, ತಿಳಿನೀಲಿ ವಾಯುಪಡೆ. ಈ ನಾಣ್ಯ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. ಈ ದಿನದ ಹೆಸರಿನಲ್ಲಿ ಒಂದು ನಿಧಿ ಇದೆ. ಹವಾಲ್ದಾರ್ ಅಥವಾ ಅದಕ್ಕಿಂತ ಕೆಳಗಿನ ಶ್ರೇಣಿಯವರಾಗಿ, ಪಿಂಚಣಿ ಇಲ್ಲದೆ, 65 ದಾಟಿದ ಮಾಜಿ ಸೈನಿಕರಿಗೂ ಅಂಥವರ ವಿಧವೆಯರಿಗೂ ಆ ನಿಧಿಯಿಂದ ತಿಂಗಳಿಗೊಮ್ಮೆ ನೆರವು ಬರುತ್ತದೆ. ಅದು 4,000 ಇತ್ತು. 2025ರ ನವೆಂಬರ್‌ನಿಂದ 8,000 ಆಗಿದೆ. ಇದೇ ಶ್ರೇಣಿಗಳವರ ಮಕ್ಕಳ ಓದಿಗೆ ಒಂದನೆಯ ತರಗತಿಯಿಂದ ಪದವಿಯವರೆಗೆ, ಇಬ್ಬರು ಮಕ್ಕಳಿಗೆ, ತಲಾ ತಿಂಗಳಿಗೆ 2,000 ರೂಪಾಯಿ ಸಿಗುತ್ತದೆ. ಮಗಳ ಮದುವೆಗೂ ನೆರವುಂಟು. ಕಟ್ಟೆಯ ಮೇಲೆ ‘ಇಲ್ಲ’ ಎನ್ನಲಾರದೆ ಸುಮ್ಮನೆ ಕೂತ ಫೌಜಿ ಮುತ್ಯಾ ಇದ್ದಾರಲ್ಲ, ಖಟಕ ಚಿಂಚೋಳಿಯ ಮಗು ಹಾಕಿದ ಎರಡು ರೂಪಾಯಿ ಅಂಥವರ ಮನೆಗೇ ಹೋಗುವುದು.

ಆದರೆ ಅದು ತಾನಾಗಿ ಹೋಗುವುದಿಲ್ಲ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಅರ್ಜಿ ಹಾಕಬೇಕು, ಕಂಪ್ಯೂಟರಿನಲ್ಲಿ ಕಾಗದಪತ್ರ ಏರಿಸಬೇಕು. ಇಲ್ಲೇ ಮೊಮ್ಮಕ್ಕಳ ಕೆಲಸ ಶುರುವಾಗುವುದು. ಪಿಂಚಣಿ ಬರುವ ಮುತ್ಯಾ ಮನೆಯಲ್ಲಿದ್ದರೆ ನವೆಂಬರ್ ತಿಂಗಳು ನೆನಪಿಡಿ. ಬಹುತೇಕರು ‘ನಾನು ಬದುಕಿದ್ದೇನೆ’ ಎಂಬ ಜೀವನ ಪ್ರಮಾಣ ಪತ್ರ ಕೊಡುವ ತಿಂಗಳು ಅದು. ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಈಗ ಅದನ್ನು ಮೊಬೈಲಿನಲ್ಲಿ ಮುಖ ತೋರಿಸಿಯೂ ಕೊಡಬಹುದು. ಫೋನು ನೀವು ಹಿಡಿಯಿರಿ, ಮುತ್ಯಾ ಕನ್ನಡಕ ತೆಗೆದು ಕಣ್ಣು ಮಿಟುಕಿಸಲಿ. ಯಾರಾದರೂ ಫೋನ್ ಮಾಡಿ ಓಟಿಪಿ ಕೇಳಿದರೆ ಹೇಳಬೇಡಿ ಎಂದು ಅವರಿಗೆ ಎರಡೆರಡು ಸಲ ಹೇಳಿ.

ಪಿಂಚಣಿ ಇಲ್ಲದ ಮುತ್ಯಾ ಪಕ್ಕದ ಓಣಿಯಲ್ಲಿದ್ದರೆ ಟ್ರಂಕು ತೆಗೆಸಿ. ಬಟ್ಟೆಗಳ ತಳದಲ್ಲಿ, ಮಾಸಿದ ಫೋಟೋದ ಜೊತೆ, ಸೈನ್ಯ ಬಿಟ್ಟಾಗ ಕೊಟ್ಟ ಡಿಸ್ಚಾರ್ಜ್ ಪುಸ್ತಕ ಇರುತ್ತದೆ. ಅದರ ಪುಟಗಳನ್ನು ಝೆರಾಕ್ಸ್ ಮಾಡಿಸಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆಗಿಟ್ಟು, ದೊಡ್ಡವರೊಬ್ಬರನ್ನು ಕರೆದುಕೊಂಡು ಮುತ್ಯಾನ ಜೊತೆ ಹೊರಡಿ. ಮೂಲ ಪುಸ್ತಕ ಮಾತ್ರ ಯಾರ ಕೈಗೂ ಬಿಟ್ಟುಬರಬೇಡಿ.